ಗಿಟಾರಿಗೊಂದು ಆಂಪ್ಲಿಫೈಯರ್: ಕೊಳ್ಳುವ ಮುನ್ನ



ಕಳೆದ ಬೇಸಿಗೆ ರಜೆಯಲ್ಲಿ ಶಿವಮೊಗ್ಗದಿಂದ ನನ್ನ ಅಕ್ಕನ ಮಗ ಬೆಂಗಳೂರಿಗೆ ಬಂದಿದ್ದ. ಎರಡನೆಯ ಪಿಯುಸಿ ಮುಗಿಸಿದ ಹುಡುಗ. ರಾತ್ರಿ ಊಟ ಮುಗಿದು ಎಲ್ಲರೂ ಎದ್ದ ಮೇಲೆ ಮೆಲ್ಲನೆ ಹತ್ತಿರ ಬಂದು, "ಚಿಕ್ಕಮ್ಮ, ನನಗೆ ಒಂದು ಆಂಪ್ಲಿಫೈಯರ್ ಬೇಕು. ನೂರು ವ್ಯಾಟಿನದು. ದುಡ್ಡು ನನ್ನ ಹತ್ತಿರವೇ ಇದೆ, ಅಂಗಡಿಗೆ ನೀನು ಜೊತೆಗೆ ಬಂದರೆ ಸಾಕು" ಎಂದ. ಎರಡು ವರ್ಷ ನೆರೆಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ ಹಣ ಅದು. ಹೈಸ್ಕೂಲಿನಲ್ಲಿದ್ದಾಗ ಕೊಡಿಸಿದ ಎಲೆಕ್ಟ್ರಿಕ್ ಗಿಟಾರನ್ನು ಇಷ್ಟು ದಿನವೂ ಯಾವುದಕ್ಕೂ ಜೋಡಿಸದೆ, ತಂತಿಗೆ ಕಿವಿ ಹಚ್ಚಿಯೇ ನುಡಿಸುತ್ತಿದ್ದನಂತೆ.

"ನೂರೇ ಯಾಕೆ?" ಎಂದು ಕೇಳಿದೆ. "ಕಾಲೇಜು ವಾರ್ಷಿಕೋತ್ಸವದಲ್ಲಿ ನುಡಿಸಬೇಕಲ್ಲ" ಎಂದ. "ಉಳಿದ ಮುನ್ನೂರ ಅರವತ್ತನಾಲ್ಕು ದಿನ?" ಎಂದೆ. ಅವನು ಉತ್ತರ ಕೊಡಲಿಲ್ಲ. ಅವರದು ಎರಡು ಕೋಣೆಯ ಮನೆ. ಅಜ್ಜಿ ಎಂಟು ಗಂಟೆಗೆ ಮಲಗುತ್ತಾರೆ. ಗೋಡೆಯಾಚೆ ಇನ್ನೊಂದು ಸಂಸಾರ.

ನಿಮ್ಮಲ್ಲಿಯೂ ಹಲವರು ಇದೇ ಪ್ರಶ್ನೆಯನ್ನು ಇಟ್ಟುಕೊಂಡಿರುತ್ತೀರಿ. ಮನೆಯಲ್ಲಿ ಅಭ್ಯಾಸಕ್ಕೂ ಆಗಬೇಕು, ಸಣ್ಣ ಕಾರ್ಯಕ್ರಮಗಳಿಗೂ ಆಗಬೇಕು, ಕೈಯಲ್ಲಿರುವ ಹಣ ಮಾತ್ರ ಕಡಿಮೆ. ಇಂಥ ಸಂದರ್ಭದಲ್ಲಿ ಯಾವ ಆಂಪ್ಲಿಫೈಯರನ್ನು ಆರಿಸಬೇಕು? ಅಂಗಡಿಯ ಹೆಸರನ್ನಾಗಲಿ ಈ ವರ್ಷದ ಮಾದರಿಯನ್ನಾಗಲಿ ನಾನು ಹೇಳುವುದಿಲ್ಲ. ಅವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಭೌತಶಾಸ್ತ್ರ ಬದಲಾಗುವುದಿಲ್ಲ. ಅದನ್ನು ತಿಳಿದುಕೊಂಡವನಿಗೆ ಯಾವ ಅಂಗಡಿಯಲ್ಲೂ ಸುಲಭವಾಗಿ ಮೋಸವಾಗದು.

ಮೊದಲು ಗಿಟಾರಿನಿಂದಲೇ ಪ್ರಾರಂಭಿಸೋಣ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ 'ಪಿಕಪ್' ಎಂಬ ಭಾಗವಿರುತ್ತದೆ. ಅದರಲ್ಲಿರುವುದು ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ, ಕೂದಲಿಗಿಂತಲೂ ತೆಳುವಾದ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಏರಿಳಿಯುತ್ತದೆ. ಆಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಜೋಗದ ಜನರೇಟರಿನಲ್ಲಿ ನಡೆಯುವುದೂ ಇದೇ ತತ್ತ್ವ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಗಿಟಾರಿನಿಂದ ಬರುವುದು ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸಿನ ಸಂಕೇತ. ಅದು ಸ್ಪೀಕರಿನ ಕಾಗದದ ಶಂಕುವನ್ನು ಅಲುಗಿಸಲಾರದು. ಅದನ್ನು ಹಿಗ್ಗಿಸಿ ಶಕ್ತಿ ತುಂಬುವುದೇ ಆಂಪ್ಲಿಫೈಯರಿನ ಕೆಲಸ.

ಇಲ್ಲಿ ಒಂದು ಎಚ್ಚರಿಕೆ. ನೈಲಾನ್ ತಂತಿಯ ಗಿಟಾರಿಗೆ ಕಾಂತೀಯ ಪಿಕಪ್ ಕೆಲಸ ಮಾಡದು, ಏಕೆಂದರೆ ನೈಲಾನಿಗೂ ಅಯಸ್ಕಾಂತಕ್ಕೂ ಸಂಬಂಧವಿಲ್ಲ. ಪೆಟ್ಟಿಗೆಯ ಗಿಟಾರುಗಳಲ್ಲಿ, ಅಂದರೆ ಅಕೂಸ್ಟಿಕ್ ಗಿಟಾರುಗಳಲ್ಲಿ, ಒತ್ತಡವನ್ನು ವಿದ್ಯುತ್ತಾಗಿ ಬದಲಿಸುವ ಪೀಜೋ ಪಿಕಪ್ ಇರುವುದೇ ಹೆಚ್ಚು. ಅವುಗಳಿಗೆ ಬೇರೆಯೇ ಜಾತಿಯ ಆಂಪ್ಲಿಫೈಯರ್ ಬೇಕು. ಎಲೆಕ್ಟ್ರಿಕ್ ಗಿಟಾರಿನ ಆಂಪ್ಲಿಫೈಯರಿನ ಸ್ಪೀಕರು ಸುಮಾರು 5,000 ಹರ್ಟ್ಜ್ ಮೀರಿದ ಸ್ವರಾಂಶಗಳನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಆ ವಾದ್ಯಕ್ಕೆ ಅದೇ ಚೆಂದ. ಆದರೆ ಅಕೂಸ್ಟಿಕ್ ಗಿಟಾರಿನ ಹೊಳಪು ಇರುವುದೇ ಆ ಮೇಲಿನ ಭಾಗದಲ್ಲಿ. ಆದ್ದರಿಂದ ನಿಮ್ಮ ಗಿಟಾರು ಯಾವುದು ಎಂಬುದೇ ಮೊದಲ ಪ್ರಶ್ನೆ.

ಇದೇ ಕಾರಣಕ್ಕೆ ಮನೆಯಲ್ಲಿರುವ ಹೋಮ್ ಥಿಯೇಟರಿಗೆ ಎಲೆಕ್ಟ್ರಿಕ್ ಗಿಟಾರನ್ನು ನೇರವಾಗಿ ಚುಚ್ಚಿದರೆ ನಾದ ಬರುವುದಿಲ್ಲ. ಪಿಕಪ್ಪಿಗೆ ಸುಮಾರು ಹತ್ತು ಲಕ್ಷ ಓಮ್‌ನಷ್ಟು ಪ್ರತಿರೋಧವುಳ್ಳ ಒಳಬಾಗಿಲು ಬೇಕು. ಹೋಮ್ ಥಿಯೇಟರಿನಲ್ಲಿರುವುದು ಅದರ ಹತ್ತಾರು ಪಾಲು ಕಡಿಮೆ. ಪಿಕಪ್ಪಿನ ದುರ್ಬಲ ಸಂಕೇತ ಅಲ್ಲಿ ಇನ್ನೂ ಕುಗ್ಗಿ, ತಾರಸ್ವರಗಳು ಸೋರಿಹೋಗಿ, ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ.

ಈಗ ಆಂಪ್ಲಿಫೈಯರಿನ ಒಳಗೆ ಹೋಗೋಣ. ಅದರಲ್ಲಿ ಮೂರು ಮುಖ್ಯ ಘಟ್ಟಗಳಿವೆ. ಮೊದಲನೆಯದು ಪ್ರಿಆಂಪ್. ಇದು ಸಣ್ಣ ಸಂಕೇತವನ್ನು ದೊಡ್ಡದು ಮಾಡಿ ಮಂದ್ರ, ಮಧ್ಯ, ತಾರಗಳನ್ನು ಹದಗೊಳಿಸುತ್ತದೆ. ಎರಡನೆಯದು ಪವರ್ ಆಂಪ್. ಇದು ಸ್ಪೀಕರನ್ನು ಅಲುಗಿಸುವಷ್ಟು ಶಕ್ತಿ ಕೊಡುತ್ತದೆ. ಮೂರನೆಯದು ಸ್ಪೀಕರು. ಮೂರೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದಕ್ಕೆ 'ಕಾಂಬೊ' ಎನ್ನುತ್ತಾರೆ. ವಿದ್ಯಾರ್ಥಿಗಳಿಗೆ ಬೇಕಾದದ್ದು ಕಾಂಬೊ.

ಮುಂಭಾಗದಲ್ಲಿ 'ಗೇನ್' ಮತ್ತು 'ವಾಲ್ಯೂಮ್' ಎಂಬ ಎರಡು ತಿರುಗುಗುಂಡಿಗಳಿರುತ್ತವೆ. ಎರಡೂ ಒಂದೇ ಎಂದು ಹಲವರು ತಿಳಿಯುತ್ತಾರೆ. ಸಾರಿಗೆ ಖಾರ ಎಷ್ಟು ಹಾಕಬೇಕು ಎಂಬುದು ಗೇನ್, ತಟ್ಟೆಗೆ ಎಷ್ಟು ಸೌಟು ಬಡಿಸಬೇಕು ಎಂಬುದು ವಾಲ್ಯೂಮ್. ಗೇನ್ ಏರಿಸಿದಂತೆ ಸಂಕೇತದ ಅಲೆಯ ತಲೆ ಕತ್ತರಿಸಿಹೋಗಿ ಒರಟು ನಾದ ಹುಟ್ಟುತ್ತದೆ. ಅದಕ್ಕೆ 'ಡಿಸ್ಟಾರ್ಶನ್' ಎಂದು ಹೆಸರು. ಇಂಜಿನಿಯರರ ದೃಷ್ಟಿಯಲ್ಲಿ ಅದು ದೋಷ. ಸಂಗೀತಗಾರರು ಅದನ್ನೇ ಗುಣವಾಗಿ ಮಾಡಿಕೊಂಡರು. 1964ರಲ್ಲಿ ಇಂಗ್ಲೆಂಡಿನ 'ಕಿಂಕ್ಸ್' ತಂಡದ ಡೇವ್ ಡೇವಿಸ್ ತನ್ನ ಸಣ್ಣ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ ಆ ಒರಟು ನಾದವನ್ನು ಪಡೆದದ್ದು ಪ್ರಸಿದ್ಧ ಸಂಗತಿ. ನೀವು ಬ್ಲೇಡು ಹಿಡಿಯಬೇಕಾಗಿಲ್ಲ, ಗೇನ್ ಗುಂಡಿಯೇ ಸಾಕು. ಖಾರ ಹೆಚ್ಚಿಸಿ ಸೌಟು ಕಡಿಮೆ ಮಾಡಲು ಬರುವಂಥ, ಅಂದರೆ ಎರಡೂ ಗುಂಡಿಗಳು ಬೇರೆಬೇರೆ ಇರುವಂಥ ಯಂತ್ರವನ್ನೇ ಆರಿಸಿ. ಮನೆಯಲ್ಲಿ ನುಡಿಸುವವರಿಗೆ ಇದು ಬಹಳ ಮುಖ್ಯ.

ಆಂಪ್ಲಿಫೈಯರುಗಳಲ್ಲಿ ಮೂರು ಬಗೆ. ಹಳೆಯದು ವಾಲ್ವಿನದು. ಗಾಜಿನ ನಿರ್ವಾತ ನಳಿಕೆಗಳಿಂದ ಕೆಲಸ ಮಾಡುವಂಥದು. ಅಮೆರಿಕದ ಲಿಯೊ ಫೆಂಡರ್ 1940ರ ದಶಕದಲ್ಲಿ, ಲಂಡನ್ನಿನ ಜಿಮ್ ಮಾರ್ಷಲ್ 1960ರ ದಶಕದಲ್ಲಿ ಹೆಸರು ಮಾಡಿದ್ದು ಇವುಗಳಿಂದಲೇ. ವಾಲ್ವಿನ ಮಿತಿ ಮೀರಿದಾಗ ಅಲೆಯ ತಲೆ ಥಟ್ಟನೆ ಕತ್ತರಿಸುವುದಿಲ್ಲ, ನಯವಾಗಿ ಬಾಗುತ್ತದೆ. ಆದ್ದರಿಂದ ನಾದಕ್ಕೆ ಒಂದು ಬಗೆಯ ಕಾವು ಬರುತ್ತದೆ. ಆದರೆ ಬೆಲೆ ಹೆಚ್ಚು, ತೂಕ ಹೆಚ್ಚು, ಕೆಲವು ವರ್ಷಗಳಿಗೊಮ್ಮೆ ವಾಲ್ವು ಬದಲಿಸಬೇಕು. ಪೂರ್ಣ ನಾದ ಬರುವುದೇ ಶಬ್ದ ಜೋರಾದಾಗ. ಜೊತೆಗೆ ಒಳಗೆ ಮುನ್ನೂರು ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳು ಆ ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. ಕುತೂಹಲಕ್ಕಾಗಿ ಅದನ್ನು ಎಂದೂ ಬಿಚ್ಚಬೇಡಿ.

ಎರಡನೆಯದು ಟ್ರಾನ್ಸಿಸ್ಟರಿನದು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದರ ಆಧಾರದ ಮೇಲೆ ತಯಾರಾದ ಆಂಪ್ಲಿಫೈಯರುಗಳು ಹಗುರ, ಅಗ್ಗ, ಗಟ್ಟಿಮುಟ್ಟು. ಇವುಗಳ ಒರಟು ನಾದ ಕೆಲವರಿಗೆ ಹಿಡಿಸದು, ಆದರೆ ಸ್ವಚ್ಛ ನಾದ ಬಹಳ ಚೆನ್ನಾಗಿರುತ್ತದೆ. ಜಪಾನಿನ ರೋಲ್ಯಾಂಡ್ ಸಂಸ್ಥೆ 1975ರಲ್ಲಿ ತಂದ 'ಜಾಝ್ ಕೋರಸ್ 120' ಟ್ರಾನ್ಸಿಸ್ಟರಿನದೇ. ಸ್ವಚ್ಛ ನಾದಕ್ಕೆ ಅದನ್ನು ಈಗಲೂ ಮಾದರಿಯಾಗಿ ಹೆಸರಿಸುತ್ತಾರೆ. ಟ್ರಾನ್ಸಿಸ್ಟರ್ ಎಂದರೆ ಕೀಳು ಎಂಬ ಮಾತನ್ನು ನಂಬಬೇಡಿ.

ಮೂರನೆಯದು ಡಿಜಿಟಲ್. ಇದಕ್ಕೆ 'ಮಾಡೆಲಿಂಗ್' ಎನ್ನುತ್ತಾರೆ. ಗಿಟಾರಿನ ಸಂಕೇತವನ್ನು ಸಂಖ್ಯೆಗಳಾಗಿ ಬದಲಿಸಿ, ಹೆಸರಾಂತ ವಾಲ್ವ್ ಆಂಪ್ಲಿಫೈಯರು ಹೇಗೆ ವರ್ತಿಸುತ್ತದೋ ಹಾಗೆ ಲೆಕ್ಕ ಹಾಕಿ, ಮತ್ತೆ ಶಬ್ದವಾಗಿಸುವ ವಿಧಾನ. ನಾನು ಕಾಲೇಜಿನಲ್ಲಿದ್ದಾಗ ಇದು ವಿದ್ಯಾರ್ಥಿಗಳ ಕೈಗೆ ಎಟುಕುವಂತಿರಲಿಲ್ಲ. ಈಗ ಮಧ್ಯಮ ಬೆಲೆಯ ಯಂತ್ರಗಳಲ್ಲೂ ಇದೆ. ಪ್ರತಿಧ್ವನಿ, ಕೋರಸ್ ಮುಂತಾದ ಪರಿಣಾಮಗಳು ಒಳಗೇ ಇರುವುದರಿಂದ ಬೇರೆ ಪೆಡಲು ಕೊಳ್ಳುವ ಖರ್ಚು ಉಳಿಯುತ್ತದೆ. ಶಬ್ದ ಸಣ್ಣದಾಗಿದ್ದಾಗಲೂ ನಾದ ಕೆಡುವುದಿಲ್ಲ. ಹೆಡ್‌ಫೋನಿನಲ್ಲೂ ಚೆನ್ನಾಗಿ ಕೇಳುತ್ತದೆ. ಮನೆ ಮತ್ತು ಸಣ್ಣ ವೇದಿಕೆ ಎರಡಕ್ಕೂ ಒಂದೇ ಯಂತ್ರ ಬೇಕಾದವರಿಗೆ ಇದೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಆದರೆ ನೂರು ಬಗೆಯ ನಾದ ಇದೆ ಎಂಬುದಕ್ಕೆ ಮರುಳಾಗಬೇಡಿ. ನಿಮಗೆ ಬೇಕಾಗುವುದು ಮೂರೋ ನಾಲ್ಕೋ. ಅವು ಚೆನ್ನಾಗಿವೆಯೇ ಎಂದಷ್ಟೇ ನೋಡಿ.

ಇನ್ನು ವ್ಯಾಟಿನ ವಿಷಯ. ನನ್ನ ಅಕ್ಕನ ಮಗ ಎಡವಿದ್ದು ಇಲ್ಲೇ. ನೂರು ವ್ಯಾಟಿನದು ಹತ್ತು ವ್ಯಾಟಿನದಕ್ಕಿಂತ ಹತ್ತು ಪಟ್ಟು ಜೋರು ಎಂದು ಅವನ ಲೆಕ್ಕ. ನಮ್ಮ ಕಿವಿಯ ಲೆಕ್ಕ ಹಾಗಿಲ್ಲ. ಅದು ಲಾಗರಿದಮ್ ಲೆಕ್ಕ. ಶಕ್ತಿ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್. ಗಮನವಿಟ್ಟು ಕೇಳಿದರೆ ತಿಳಿಯುವಷ್ಟು ವ್ಯತ್ಯಾಸ, ಅಷ್ಟೆ. ಶಕ್ತಿ ಹತ್ತು ಪಟ್ಟಾದರೆ ಏರುವುದು 10 ಡೆಸಿಬೆಲ್. ಅದು ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಅಂದರೆ ನೂರು ವ್ಯಾಟಿನ ಯಂತ್ರ ಹತ್ತು ವ್ಯಾಟಿನದರ ಎರಡರಷ್ಟು ಜೋರು ಮಾತ್ರ. ಐವತ್ತರಿಂದ ನೂರಕ್ಕೆ ಹೋದರೆ ಸಿಗುವುದು ಆ 3 ಡೆಸಿಬೆಲ್. ಅದಕ್ಕಾಗಿ ತೆರುವ ಹೆಚ್ಚಿನ ಹಣವನ್ನು ಯೋಚಿಸಿ ನೋಡಿ.

ಸ್ಪೀಕರಿನ ಪಾತ್ರವನ್ನು ಯಾರೂ ಹೇಳುವುದಿಲ್ಲ. ಪ್ರತಿ ಸ್ಪೀಕರಿಗೂ ಒಂದು 'ಸೆನ್ಸಿಟಿವಿಟಿ' ಇದೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಅಳತೆ ಅದು. ಒಂದು ಎಂಟು ಅಂಗುಲದ ಸ್ಪೀಕರು 90 ಡೆಸಿಬೆಲ್ ಕೊಡುತ್ತದೆ, ಇನ್ನೊಂದು ಹನ್ನೆರಡು ಅಂಗುಲದ್ದು 100 ಕೊಡುತ್ತದೆ ಎಂದಿಟ್ಟುಕೊಳ್ಳಿ. ದೊಡ್ಡದಕ್ಕೆ ಹತ್ತು ವ್ಯಾಟ್ ಕೊಟ್ಟರೆ 110 ಡೆಸಿಬೆಲ್. ಚಿಕ್ಕದು ಅಷ್ಟು ಜೋರಾಗಬೇಕಾದರೆ ನೂರು ವ್ಯಾಟ್ ಬೇಕು! ಆದ್ದರಿಂದ ವ್ಯಾಟನ್ನು ಮಾತ್ರ ನೋಡದೆ ಸ್ಪೀಕರಿನ ಅಗಲವನ್ನೂ ಗುಣವನ್ನೂ ನೋಡಿ. ಬರೀ ಮನೆಗೆ ಎಂಟು ಅಂಗುಲ ಸಾಕು. ವೇದಿಕೆಗೂ ಬೇಕೆಂದರೆ ಹತ್ತು ಅಥವಾ ಹನ್ನೆರಡು ಅಂಗುಲ ಇರಲಿ.

ವ್ಯಾಟಿನಲ್ಲಿ ಮೋಸವೂ ಉಂಟು. ಹಿಂದೆ ಟೇಪ್‌ರೆಕಾರ್ಡರುಗಳ ಮೇಲೆ 'ಪಿ.ಎಂ.ಪಿ.ಒ. 1000 ವ್ಯಾಟ್' ಎಂಬ ಚೀಟಿ ಅಂಟಿಸುತ್ತಿದ್ದರು. ನಿಮ್ಮ ತಂದೆತಾಯಿಗೆ ನೆನಪಿರುತ್ತದೆ. ಅದು ಕ್ಷಣಮಾತ್ರದ ಕಾಲ್ಪನಿಕ ಗರಿಷ್ಠ. ನೀವು ಕೇಳಬೇಕಾದದ್ದು 'ಆರ್.ಎಂ.ಎಸ್.' ವ್ಯಾಟ್, ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ. ಅನುಮಾನ ಬಂದರೆ ಯಂತ್ರದ ಬೆನ್ನು ನೋಡಿ. ಅಲ್ಲಿ ಅದು ಬಳಸುವ ವಿದ್ಯುತ್ತಿನ ಪ್ರಮಾಣವನ್ನು ಸಾಮಾನ್ಯವಾಗಿ ಬರೆದಿರುತ್ತಾರೆ. ಮೂವತ್ತು ವ್ಯಾಟ್ ಒಳಗೆ ತೆಗೆದುಕೊಳ್ಳುವ ಯಂತ್ರ ನೂರು ವ್ಯಾಟನ್ನು ನಿರಂತರವಾಗಿ ಹೊರಗೆ ಕೊಡಲಾರದು. ಶಕ್ತಿಯ ನಿತ್ಯತೆಯ ನಿಯಮವನ್ನು ಯಾವ ವ್ಯಾಪಾರಿಯೂ ಮುರಿಯಲಾರ.

ಹಾಗಾದರೆ ಎಷ್ಟು ವ್ಯಾಟ್ ಬೇಕು? ನಿಮ್ಮೊಡನೆ ಯಾರು ನುಡಿಸುತ್ತಾರೆ ಎಂಬುದನ್ನು ಅದು ಅವಲಂಬಿಸಿದೆ. ಮನೆಯಲ್ಲಿ ಒಬ್ಬರೇ ನುಡಿಸುವುದಾದರೆ ಐದರಿಂದ ಹತ್ತು ವ್ಯಾಟ್ ಧಾರಾಳ. ನಿಜ ಹೇಳಬೇಕೆಂದರೆ ಕೋಣೆಯಲ್ಲಿ ನೀವು ಬಳಸುವುದು ಒಂದು ವ್ಯಾಟಿಗಿಂತಲೂ ಕಡಿಮೆ. ಹಾಡುಗಾರ, ತಬಲ, ಕೀಬೋರ್ಡ್ ಜೊತೆ ಸಣ್ಣ ಕೋಣೆಯಲ್ಲಿ ನುಡಿಸಲು ಇಪ್ಪತ್ತು ವ್ಯಾಟ್ ಸಾಕು. ಕೋಲು ಹಿಡಿದು ಬಾರಿಸುವ ಡ್ರಮ್ ಸೆಟ್ ಬಂತೆಂದರೆ ಲೆಕ್ಕ ಬದಲಾಗುತ್ತದೆ. ಅದರ ಮುಂದೆ ಗಿಟಾರು ಕೇಳಬೇಕಾದರೆ ಟ್ರಾನ್ಸಿಸ್ಟರ್ ಅಥವಾ ಡಿಜಿಟಲ್ ಯಂತ್ರದಲ್ಲಿ ನಲವತ್ತು, ಐವತ್ತು ವ್ಯಾಟ್ ಮತ್ತು ಹನ್ನೆರಡು ಅಂಗುಲದ ಸ್ಪೀಕರು ಬೇಕು. ವಾಲ್ವಿನದಾದರೆ ಹದಿನೈದು, ಇಪ್ಪತ್ತು ವ್ಯಾಟಿಗೇ ಆ ಕೆಲಸವಾಗುತ್ತದೆ. ವಾಲ್ವಿನ ವ್ಯಾಟಿಗೆ ಬೇರೆ ಶಕ್ತಿ ಇದೆ ಎಂದಲ್ಲ. ಅದನ್ನು ಮಿತಿ ಮೀರಿ ದುಡಿಸಿದರೂ ನಾದ ಹಿತವಾಗಿರುತ್ತದೆ, ಅಷ್ಟೆ.

ಅದಕ್ಕಿಂತ ಹೆಚ್ಚು ಬೇಡವೇ? ಐನೂರು ಜನರ ಸಭಾಂಗಣ ತುಂಬಬೇಡವೇ? ಅದು ನಿಮ್ಮ ಆಂಪ್ಲಿಫೈಯರಿನ ಕೆಲಸವಲ್ಲ. ಕಾಲೇಜು ಸಭಾಂಗಣದಲ್ಲಾಗಲಿ, ಗಣೇಶೋತ್ಸವದ ಚಪ್ಪರದಲ್ಲಾಗಲಿ, ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಾಗಲಿ, ಸಭೆಗೆ ಶಬ್ದ ಮುಟ್ಟಿಸಲು ಮೈಕ್ ಸೆಟ್‌ನವರು ಇರುತ್ತಾರೆ. ನಿಮ್ಮ ಸ್ಪೀಕರಿನ ಮುಂದೆ ಒಂದು ಮೈಕು ಇಟ್ಟರೆ ಅಥವಾ ಆಂಪ್ಲಿಫೈಯರಿನ 'ಲೈನ್ ಔಟ್'ನಿಂದ ಅವರ ಮಿಕ್ಸರಿಗೆ ಒಂದು ತಂತಿ ಕೊಟ್ಟರೆ ಉಳಿದದ್ದು ಅವರ ಕೆಲಸ. ವೇದಿಕೆಯ ಮೇಲೆ ನಿಮಗೂ ನಿಮ್ಮ ತಂಡಕ್ಕೂ ಕೇಳುವಷ್ಟು ಆಂಪ್ಲಿಫೈಯರ್ ಇದ್ದರೆ ಸಾಕು. ಆದ್ದರಿಂದ ಇನ್ನೂ ಇಪ್ಪತ್ತು ವ್ಯಾಟ್ ಹೆಚ್ಚಿರುವ ಯಂತ್ರಕ್ಕಿಂತ ಲೈನ್ ಔಟ್ ಇರುವ ಯಂತ್ರ ಮೇಲು. ಅದರಲ್ಲಿ ಸ್ಪೀಕರಿನ ಗುಣವನ್ನು ಅನುಕರಿಸುವ ಏರ್ಪಾಡು ಇದೆಯೇ ಎಂದೂ ಕೇಳಿ. ಇಲ್ಲದಿದ್ದರೆ ಮಿಕ್ಸರಿಗೆ ಹೋಗುವ ನಾದ ತಗಡು ಗೀರಿದಂತೆ ಇರುತ್ತದೆ.

ಮಿತ್ರರೇ, ಇಲ್ಲಿ ನನ್ನ ಸ್ವಂತ ವಿಷಯವನ್ನು ಸ್ವಲ್ಪ ಹೇಳಬೇಕು. 1998ರಲ್ಲಿ ನಾನು ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಕಾಲೇಜಿನಲ್ಲಿ ಹುಡುಗರದೊಂದು ವಾದ್ಯವೃಂದ. ಬೆಸುಗೆ ಹಾಕಲು, ತಂತಿ ಜೋಡಿಸಲು ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಶಬ್ದದ ಉಸ್ತುವಾರಿ ನನ್ನದು. ಎಲ್ಲಿಂದಲೋ ಎರವಲು ತಂದ ನೂರು ವ್ಯಾಟಿನ ಆಂಪ್ಲಿಫೈಯರ್. ಅದರ ಪಕ್ಕದಲ್ಲೇ, ಮೂರಡಿ ದೂರದಲ್ಲಿ, ನನ್ನ ಕುರ್ಚಿ. ಮೊದಲ ದಿನದ ತಾಲೀಮು ಮುಗಿಸಿ ಹಾಸ್ಟೆಲಿಗೆ ಹೋದಾಗ ಬಲಗಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಬೆಳಿಗ್ಗೆಗೆ ಹೋಯಿತು. ಹೋಯಿತಲ್ಲ ಎಂದು ಮರೆತೆ. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಅದು ಹೋಗಲಿಲ್ಲ. ಇವತ್ತಿಗೂ ಹೋಗಿಲ್ಲ.

ದೂರದರ್ಶನದ ಕೆಲಸಕ್ಕೆ ಸೇರಿದ ಮೇಲೆ ಶ್ರವಣ ಪರೀಕ್ಷೆ ಮಾಡಿಸಿದಾಗ ನಕ್ಷೆಯಲ್ಲಿ 4,000 ಹರ್ಟ್ಜಿನ ಬಳಿ ಒಂದು ಹಳ್ಳ ಕಂಡಿತು. ಅತಿಶಬ್ದದಿಂದ ಕೆಟ್ಟ ಕಿವಿಯ ಗುರುತು ಅದು. ನಮ್ಮ ಒಳಗಿವಿಯ ಶಂಖದಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ನಾನು ತಯಾರಿಸಿದ ಕಾರ್ಯಕ್ರಮದ ಕೊನೆಯ ಪ್ರತಿಯಲ್ಲಿ ಸಣ್ಣ ಸಿಳ್ಳಿನಂಥ ದೋಷವೇನಾದರೂ ಉಳಿದಿದೆಯೇ ಎಂದು ಕೇಳಿ ಹೇಳಲು ನಾನು ಕಿರಿಯ ಸಹೋದ್ಯೋಗಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಊರಿಗೆ ಹೋದಾಗ ಜೀರುಂಡೆಯ ಸದ್ದು ನನಗೆ ಎಡಗಡೆಯಿಂದ ಮಾತ್ರ ಕೇಳುತ್ತದೆ.

ಲೆಕ್ಕ ಹೀಗಿದೆ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲಿಗೆ ಸಮಯ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಡ್ರಮ್ ಸಹಿತ ತಾಲೀಮು 100 ಡೆಸಿಬೆಲನ್ನು ಸುಲಭವಾಗಿ ಮುಟ್ಟುತ್ತದೆ. ಆದ್ದರಿಂದ ಆಂಪ್ಲಿಫೈಯರ್ ಕೊಳ್ಳುವ ದಿನವೇ ಒಂದು ಜೊತೆ ಕಿವಿಬಿರಡೆ ಕೊಳ್ಳಿ. ಅದರ ಬೆಲೆ ಒಂದೆರಡು ತಂತಿಗಳ ಬೆಲೆಗಿಂತ ಹೆಚ್ಚಿಲ್ಲ. ಹೆಡ್‌ಫೋನಿನಲ್ಲಿ ನುಡಿಸುವಾಗಲೂ ಶಬ್ದ ಸಣ್ಣದಿರಲಿ. ಗೋಡೆಯಾಚೆಗೆ ಕೇಳದಿದ್ದರೂ ನಿಮ್ಮ ಕಿವಿಗೆ ಕೇಳುತ್ತಿದೆ ಎಂಬುದನ್ನು ಮರೆಯಬೇಡಿ.

ನೆರೆಹೊರೆಯ ಮಾತೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನದು ರಾತ್ರಿ. ಕಾನೂನು ಬದಿಗಿರಲಿ, ಪರೀಕ್ಷೆಗೆ ಓದುವ ಮಗುವೋ ಕಾಯಿಲೆಯ ಹಿರಿಯರೋ ಪಕ್ಕದ ಮನೆಯಲ್ಲಿರಬಹುದು. ಹೆಡ್‌ಫೋನ್ ಕಿಂಡಿ ಇಲ್ಲದ ಯಂತ್ರವನ್ನು ಮನೆಗೆ ತರಬೇಡಿ. ಕೆಲವು ಯಂತ್ರಗಳಲ್ಲಿ ಐವತ್ತು ವ್ಯಾಟನ್ನು ಅರ್ಧ ವ್ಯಾಟಿಗೆ ಇಳಿಸುವ ಸ್ವಿಚ್ಚು ಇರುತ್ತದೆ. ಮನೆಗೂ ವೇದಿಕೆಗೂ ಒಂದೇ ಯಂತ್ರ ಎನ್ನುವವರಿಗೆ ಅದು ವರದಾನ. ಇನ್ನೊಂದು ಸಣ್ಣ ಉಪಾಯ: ಆಂಪ್ಲಿಫೈಯರನ್ನು ನೆಲದ ಮೇಲೆ ಇಡಬೇಡಿ. ಸ್ಪೀಕರಿನ ತಾರಸ್ವರಗಳು ಟಾರ್ಚಿನ ಬೆಳಕಿನಂತೆ ನೇರಕ್ಕೆ ಹೋಗುತ್ತವೆ. ನೆಲದಲ್ಲಿಟ್ಟರೆ ಅವು ಮೊಣಕಾಲಿಗೆ ಬಡಿಯುತ್ತವೆ, ನಿಮಗೆ ಸರಿಯಾಗಿ ಕೇಳದು, ನೀವು ಇನ್ನೂ ಜೋರು ಮಾಡುತ್ತೀರಿ. ಒಂದು ಸ್ಟೂಲಿನ ಮೇಲಿಟ್ಟು ಮುಖವನ್ನು ಸ್ವಲ್ಪ ಮೇಲಕ್ಕೆ ಓರೆ ಮಾಡಿ. ಅರ್ಧ ಶಬ್ದದಲ್ಲೇ ಎಲ್ಲವೂ ಸ್ಪಷ್ಟವಾಗಿ ಕೇಳುತ್ತದೆ.

ಈಗ ಜೀವದ ವಿಷಯ. ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೂ ಅದರ ಮೂಲಕ ಗೋಡೆಯ ಅರ್ತಿಂಗಿಗೂ ಜೋಡಣೆಯಾಗಿರುತ್ತವೆ. ಅಂದರೆ ನುಡಿಸುವಾಗ ನಿಮ್ಮ ಕೈ ಸದಾ ಆ ಯಂತ್ರದ ಮೈಯನ್ನು ಮುಟ್ಟಿದಂತೆಯೇ. ಅರ್ತಿಂಗ್ ಸರಿಯಿದ್ದರೆ ಅದು ರಕ್ಷಣೆ, ಇಲ್ಲದಿದ್ದರೆ ಅದೇ ಅಪಾಯ. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸೀ ನಗರದ ಕಾರ್ಯಕ್ರಮದಲ್ಲಿ ಸ್ಕಾಟ್ಲೆಂಡಿನ ಗಿಟಾರ್ ವಾದಕ ಲೆಸ್ಲಿ ಹಾರ್ವಿ ಅರ್ತಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಮೃತಪಟ್ಟರು. ಮೈಕು ಮುಟ್ಟಿದಾಗ ತುಟಿಗೆ ಜುಮ್ ಎಂದರೆ ತಮಾಷೆ ಎಂದು ನಗಬೇಡಿ. ತಕ್ಷಣ ನಿಲ್ಲಿಸಿ, ಎಲ್ಲವನ್ನೂ ಆರಿಸಿ, ವಿದ್ಯುತ್ ಕೆಲಸ ಬಲ್ಲವರನ್ನು ಕರೆಯಿಸಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಕತ್ತರಿಸಿದರೆ ಗುಂಯ್‌ಗುಡುವ ಸದ್ದು ಹೋಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಸದ್ದು ಹೋಗಬಹುದು, ಪ್ರಾಣವೂ ಹೋಗಬಹುದು. ಆ ಸದ್ದಿಗೆ ಬೇರೆ ಪರಿಹಾರಗಳಿವೆ: ಚೋಕ್ ಇರುವ ಟ್ಯೂಬ್‌ಲೈಟಿನಿಂದಲೂ ಮೊಬೈಲ್ ಚಾರ್ಜರಿನಿಂದಲೂ ಗಿಟಾರನ್ನು ದೂರ ಹಿಡಿಯುವುದು, ತಂಡದ ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ವಿದ್ಯುತ್ತು ಪಡೆಯುವುದು, ಒಳ್ಳೆಯ ಕೇಬಲ್ ಬಳಸುವುದು.

ಅಮೆರಿಕದಲ್ಲಿರುವ ಅಣ್ಣನೋ ಮಾವನೋ ತಂದುಕೊಡುವ ಆಂಪ್ಲಿಫೈಯರಿನ ಬಗ್ಗೆಯೂ ಒಂದು ಮಾತು. ಅಲ್ಲಿಯ ವಿದ್ಯುತ್ತು 120 ವೋಲ್ಟ್, ನಮ್ಮದು 230. ಬೆನ್ನಿನ ಮೇಲೆ 120 ಎಂದಷ್ಟೇ ಬರೆದಿದ್ದರೆ ಅದನ್ನು ನೇರವಾಗಿ ನಮ್ಮ ಗೋಡೆಗೆ ಚುಚ್ಚಬೇಡಿ. ವೋಲ್ಟೇಜ್ ಹೆಚ್ಚುಕಡಿಮೆ ಎರಡು ಪಟ್ಟಾದರೆ ಶಕ್ತಿ ಅದರ ವರ್ಗದಂತೆ ಏರುತ್ತದೆ, ಅಂದರೆ ಮೂರೂವರೆ ಪಟ್ಟಿಗೂ ಹೆಚ್ಚು. ನಮ್ಮ ವಾದ್ಯವೃಂದದ ಹುಡುಗನೊಬ್ಬನ ಅಣ್ಣ ಪ್ರೀತಿಯಿಂದ ಹೊತ್ತುತಂದ ಯಂತ್ರ ಇದೇ ಕಾರಣಕ್ಕೆ ಒಂದೇ ನಿಮಿಷದಲ್ಲಿ ಹೊಗೆಯಾಡಿತು. ಪಿನ್ನಿನ ಆಕಾರ ಬದಲಿಸುವ ಅಡಾಪ್ಟರು ವೋಲ್ಟೇಜನ್ನು ಬದಲಿಸುವುದಿಲ್ಲ. ಅದಕ್ಕೆ ತಕ್ಕ ಶಕ್ತಿಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರನ್ನು ತೆಗೆದುಕೊಂಡು ಹೋಗಿ. ಅಂಗಡಿಯ ದುಬಾರಿ ಗಿಟಾರಿನಲ್ಲಿ ಎಲ್ಲ ಆಂಪ್ಲಿಫೈಯರೂ ಚೆನ್ನಾಗಿಯೇ ಕೇಳುತ್ತದೆ. ಮೊದಲು ಸ್ವಚ್ಛ ನಾದವನ್ನು, ಮನೆಯಲ್ಲಿ ನುಡಿಸುವಷ್ಟೇ ಸಣ್ಣ ಶಬ್ದದಲ್ಲಿ ಕೇಳಿ. ಅದು ಚೆನ್ನಾಗಿಲ್ಲದಿದ್ದರೆ ಮುಂದೆ ಹೋಗಬೇಡಿ. ಆಮೇಲೆ ವಾಲ್ಯೂಮನ್ನು ಮುಕ್ಕಾಲು ಭಾಗ ಏರಿಸಿ, ಮಂದ್ರ ತಂತಿಯಲ್ಲಿ ಪೆಟ್ಟಿಗೆ ಗಡಗಡ ಎನ್ನುತ್ತದೆಯೇ ನೋಡಿ. ಏನೂ ನುಡಿಸದೆ ಸುಮ್ಮನಿದ್ದಾಗ ಎಷ್ಟು ಹಿಸ್ ಎನ್ನುತ್ತದೆ ಎಂದು ಗಮನಿಸಿ. ಒಂದು ಕೈಯಲ್ಲಿ ಎತ್ತಿ ನೋಡಿ. ಬಸ್ಸಿನಲ್ಲೋ ಸ್ಕೂಟರಿನ ಮುಂದಿಟ್ಟುಕೊಂಡೋ ಸಾಗಿಸಬೇಕಾದವರು ನೀವೇ. ಕರೆಂಟು ಪದೇಪದೇ ಹೋಗುವ ಊರಿನವರಾದರೆ ಬ್ಯಾಟರಿಯಿಂದಲೂ ನಡೆಯುವಂಥದನ್ನು ಪರಿಶೀಲಿಸಿ.

ಹಳೆಯದನ್ನು ಕೊಳ್ಳಲು ಹಿಂಜರಿಯಬೇಡಿ. ಟ್ರಾನ್ಸಿಸ್ಟರಿನ ಯಂತ್ರಗಳು ಬಹುಕಾಲ ಬಾಳುತ್ತವೆ. ಎಲ್ಲ ಗುಂಡಿಗಳನ್ನೂ ತಿರುಗಿಸಿ ನೋಡಿ. ಚರಚರ ಎಂದರೆ ಒಳಗೆ ಧೂಳು, ಸ್ವಚ್ಛಗೊಳಿಸಬಹುದು. ಕೇಬಲನ್ನು ಅಲುಗಿಸಿದಾಗ ಶಬ್ದ ನಿಂತುನಿಂತು ಬಂದರೆ ಕಿಂಡಿಯ ಬೆಸುಗೆ ಬಿಟ್ಟಿದೆ. ಅದೂ ಸಣ್ಣ ರಿಪೇರಿ. ಸ್ಪೀಕರಿನ ಶಂಕು ಹರಿದಿದ್ದರೆ, ಸುಟ್ಟ ವಾಸನೆ ಇದ್ದರೆ, ಪವರ್ ಕಾರ್ಡಿನ ಮೂರನೆಯ ಪಿನ್ ಇಲ್ಲದಿದ್ದರೆ ಕೈಮುಗಿದು ಬಂದುಬಿಡಿ. ಹತ್ತು ನಿಮಿಷವಲ್ಲ, ಅರ್ಧ ಗಂಟೆ ನುಡಿಸಿ. ಕೆಲವು ದೋಷಗಳು ಯಂತ್ರ ಬಿಸಿಯಾದ ಮೇಲೇ ಹೊರಬೀಳುತ್ತವೆ.

ಕೊನೆಯ ಮಾತು ಹಣದ್ದು. ಇರುವುದನ್ನೆಲ್ಲ ಆಂಪ್ಲಿಫೈಯರಿಗೇ ಸುರಿಯಬೇಡಿ. ಐದರಲ್ಲಿ ಒಂದು ಭಾಗವನ್ನು ತೆಗೆದಿಡಿ. ಒಳ್ಳೆಯ ಕೇಬಲಿಗೆ, ಹೊಸ ತಂತಿಗಳಿಗೆ, ಕಿವಿಬಿರಡೆಗೆ, ಗಿಟಾರನ್ನು ಬಲ್ಲವರಿಂದ ಒಮ್ಮೆ ಸರಿಪಡಿಸಿಕೊಳ್ಳಲು ಅದು ಬೇಕಾಗುತ್ತದೆ. ಶ್ರುತಿ ನಿಲ್ಲದ ಗಿಟಾರನ್ನು ಯಾವ ಆಂಪ್ಲಿಫೈಯರೂ ಚೆಂದ ಮಾಡದು. ಅದರ ಅಪಸ್ವರವನ್ನು ಜೋರಾಗಿ ಕೇಳಿಸುತ್ತದೆ, ಅಷ್ಟೆ.

ನನ್ನ ಅಕ್ಕನ ಮಗ ಏನು ಕೊಂಡ ಎಂದು ಕೇಳುತ್ತೀರಾ? ನಾವಿಬ್ಬರೂ ಮೂರು ಅಂಗಡಿ ಸುತ್ತಿದೆವು. ಮೊದಲ ಅಂಗಡಿಯಲ್ಲಿ ಅವನ ಕಣ್ಣು ದೊಡ್ಡ ಪೆಟ್ಟಿಗೆಗಳ ಮೇಲೇ ಇತ್ತು. ನಾನು ಏನೂ ಹೇಳಲಿಲ್ಲ. ಮೂರನೆಯದರಲ್ಲಿ ಅವನೇ ಯಂತ್ರವೊಂದರ ಬೆನ್ನು ತಿರುಗಿಸಿ, "ಇದು ಒಳಗೆ ಎಷ್ಟು ವ್ಯಾಟ್ ತಗೊಳ್ಳುತ್ತೆ?" ಎಂದು ಕೇಳಿದ. ಮಾಲೀಕರು ನನ್ನ ಮುಖ ನೋಡಿದರು. ಕೊನೆಗೆ ಮತ್ತೊಬ್ಬ ವಿದ್ಯಾರ್ಥಿ ಎರಡು ವರ್ಷ ಬಳಸಿದ್ದ, ನಲವತ್ತು ವ್ಯಾಟಿನ, ಶಕ್ತಿ ಇಳಿಸುವ ಸ್ವಿಚ್ಚೂ ಹೆಡ್‌ಫೋನ್ ಕಿಂಡಿಯೂ ಲೈನ್ ಔಟೂ ಇದ್ದ ಡಿಜಿಟಲ್ ಕಾಂಬೊ ಸಿಕ್ಕಿತು. ಉಳಿದ ಹಣದಲ್ಲಿ ಒಂದು ಕೇಬಲ್ ಮತ್ತು ಎರಡು ಜೊತೆ ಕಿವಿಬಿರಡೆ ಕೊಂಡ. "ಎರಡು ಯಾಕೋ?" ಎಂದೆ. "ಒಂದು ನಮ್ಮ ಡ್ರಮ್ಮರಿಗೆ. ಅವನಿಗೂ ಗುಂಯ್ ಅನ್ನುತ್ತಂತೆ, ಯಾರಿಗೂ ಹೇಳಿಲ್ಲ" ಎಂದ.

ಊರಿಗೆ ಹೋದ ವಾರದ ಮೇಲೆ ಅಕ್ಕ ಫೋನು ಮಾಡಿದ್ದಳು. ರಾತ್ರಿ ಹನ್ನೊಂದಾದರೂ ಹುಡುಗ ಗಿಟಾರು ಹಿಡಿದು ಕೂತಿರುತ್ತಾನಂತೆ, ಸದ್ದೇ ಇಲ್ಲವಂತೆ. "ಅಜ್ಜಿ ಏನಂತಾರೆ?" ಎಂದು ಕೇಳಿದೆ. "ಹಗಲು ಹೊತ್ತು ಅವರಿಗೂ ಸ್ವಲ್ಪ ಕೇಳಿಸು ಅಂತಾರೆ" ಎಂದಳು.

ನೀವೂ ಆರಿಸಿಕೊಳ್ಳಿ, ನುಡಿಸಿ. ನಾಲ್ವತ್ತು ವರ್ಷದ ಮೇಲೂ ಜೀರುಂಡೆಯ ಸದ್ದು ನಿಮಗೆ ಎರಡೂ ಕಡೆಯಿಂದ ಕೇಳುತ್ತಿರಲಿ.